ಕೀ ಬಿಟ್ಟ ಜೀಪು, ಒಳಗುಳಿದ ಬಂದೂಕು: ಪೊಲೀಸ್ ಮಹಾನಿರ್ದೇಶಕರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ರಾಜ್ಯದ ಪೊಲೀಸ್ ಮಹಾನಿರ್ದೇಶಕರು ಮತ್ತು ಮಹಾನಿರೀಕ್ಷಕರಿಗೆ,



ಆಯುಧವಿರುವ ಪೊಲೀಸ್ ವಾಹನ ಕಾವಲಿಲ್ಲದೆ ನಿಂತು, ಕೀ ಅದರಲ್ಲೇ ಉಳಿದಿದ್ದರೆ, ಕಳ್ಳನಿಗೆ ಸಿಗುವುದು ಬರೀ ಒಂದು ಗಾಡಿಯಲ್ಲ. ಸರಕಾರಿ ಬಂದೂಕು ಸಿಗುತ್ತದೆ, ಪೊಲೀಸರ ಮಾತು ಕೇಳಿಸುವ ವೈರ್‌ಲೆಸ್ ಸೆಟ್ ಸಿಗುತ್ತದೆ. ಇವೆರಡಕ್ಕಿಂತ ಅಪಾಯದ್ದು ಗಾಡಿಯ ಮೇಲಿನ ಬಣ್ಣ, ಬರಹ ಮತ್ತು ದೀಪ. ರಾತ್ರಿ ಹೊತ್ತು ಆ ದೀಪ ಕಂಡರೆ ಲಾರಿಯವನು ಬದಿಗೆ ಸರಿಯುತ್ತಾನೆ, ಒಂಟಿ ಹೆಂಗಸು ಧೈರ್ಯ ತಂದುಕೊಳ್ಳುತ್ತಾಳೆ, ಚೆಕ್‌ಪೋಸ್ಟಿನ ಸಿಬ್ಬಂದಿ ಅಡ್ಡಗಟ್ಟೆ ಎತ್ತುತ್ತಾರೆ. ಈ ನಂಬಿಕೆಯೂ ಕೀ ಜೊತೆಗೇ ಕೈ ಬದಲಾಯಿಸುತ್ತದೆ. ಆದ್ದರಿಂದ ಇದನ್ನು ಸಾಮಾನ್ಯ ವಾಹನ ಕಳವಿನ ಲೆಕ್ಕಕ್ಕೆ ಸೇರಿಸಿ ಮುಗಿಸುವುದು ಸರಿಯಲ್ಲ.

ಕರ್ನಾಟಕಕ್ಕೆ ಇದರ ಮುನ್ಸೂಚನೆ 2022ರ ಫೆಬ್ರುವರಿಯಲ್ಲೇ ಸಿಕ್ಕಿದೆ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯಲ್ಲಿ ನಸುಕಿಗೆ ಮುಂಚೆ ನಿಂತಿದ್ದ ಪೊಲೀಸ್ ಜೀಪನ್ನು ಲಾರಿ ಚಾಲಕನೊಬ್ಬ ಓಡಿಸಿಕೊಂಡು ಹೋದ. ಕೀ ಗಾಡಿಯಲ್ಲೇ ಇತ್ತು. ಅವನು ನೂರಕ್ಕೂ ಹೆಚ್ಚು ಕಿಲೋಮೀಟರ್ ಓಡಿಸಿ ಹಾವೇರಿ ಜಿಲ್ಲೆಯ ಬ್ಯಾಡಗಿ ಕಡೆ ನಿಲ್ಲಿಸಿದ ಮೇಲೆ, ಅಲ್ಲಿನ ಜನ ಅನುಮಾನಪಟ್ಟು ಸುದ್ದಿ ಮುಟ್ಟಿಸಿದರು. ಪೊಲೀಸ್ ಗಾಡಿ ಓಡಿಸಬೇಕೆಂಬುದು ತನ್ನ ಬಹುದಿನದ ಆಸೆ ಎಂದು ಆತ ಹೇಳಿದ. ಸುದ್ದಿ ಓದಿದವರು ನಕ್ಕರು. ಅವನ ಆಸೆ ಅಷ್ಟಕ್ಕೇ ಮುಗಿದದ್ದು ನಾಡಿನ ಅದೃಷ್ಟ. ಆದರೆ ಆ ಬೆಳಗಿನ ಜಾವ ಅದೇ ಸೀಟಿನಲ್ಲಿ ಬೇರೆ ಉದ್ದೇಶದವನು ಕೂತಿದ್ದರೂ ದಾರಿ ಅಷ್ಟೇ ಸಲೀಸಾಗಿ ಸಾಗುತ್ತಿತ್ತು.

ಬೇರೆ ಉದ್ದೇಶದವರು ಪೊಲೀಸ್ ಗಾಡಿಯಲ್ಲಿ ಕೂತರೆ ಏನಾಗುತ್ತದೆ ಎಂಬುದನ್ನು ಮುಂಬಯಿ ಕಂಡಿದೆ. 2008ರ ನವೆಂಬರ್ 26ರ ರಾತ್ರಿ ಕಾಮಾ ಆಸ್ಪತ್ರೆಯ ಬಳಿ ಇಬ್ಬರು ಭಯೋತ್ಪಾದಕರು ಪೊಲೀಸ್ ಕ್ವಾಲಿಸ್ ಮೇಲೆ ಗುಂಡು ಹಾರಿಸಿದರು. ಅದರಲ್ಲಿದ್ದ ಪೊಲೀಸ್ ಅಧಿಕಾರಿಗಳಾದ ಹೇಮಂತ್ ಕರ್ಕರೆ, ಅಶೋಕ್ ಕಾಮ್ಟೆ, ವಿಜಯ್ ಸಾಲಸ್ಕರ್ ಹತರಾದರು. ಅದೇ ಗಾಡಿಯನ್ನು ಓಡಿಸಿಕೊಂಡು ಹೋದ ಹಂತಕರು ಮೆಟ್ರೊ ಜಂಕ್ಷನ್‌ನಲ್ಲಿ ನೆರೆದಿದ್ದವರ ಮೇಲೆ ಗುಂಡಿನ ಮಳೆ ಸುರಿಸಿದರು. ಅಲ್ಲಿದ್ದವರ ಕಣ್ಣಿಗೆ ಎದುರು ಬಂದದ್ದು ಪೊಲೀಸ್ ಗಾಡಿ. ಹಿಂಬದಿಯಲ್ಲಿ ಗಾಯಗೊಂಡು ಬಿದ್ದಿದ್ದ ಕಾನ್‌ಸ್ಟೆಬಲ್ ಒಬ್ಬರು ಜೀವ ಉಳಿಸಿಕೊಂಡು, ಕಡೆಗೆ ವೈರ್‌ಲೆಸ್‌ನಲ್ಲೇ ಸುದ್ದಿ ಕೊಟ್ಟರು. ಅದು ಕಾವಲಿಲ್ಲದ ವಾಹನವಲ್ಲ, ಪ್ರಾಣ ತೆತ್ತು ಕಳೆದುಕೊಂಡ ವಾಹನ. ಹಾಗೆ ಪ್ರಾಣ ಪಣಕ್ಕಿಟ್ಟು ಕಾಯುವ ವಸ್ತುವನ್ನು ಬೇರೊಂದು ದಿನ ಕೀ ಸಮೇತ ರಸ್ತೆ ಬದಿಯಲ್ಲಿ ಬಿಡುವುದು ಹೇಗೆ ಸಾಧ್ಯ ಎಂಬುದೇ ಇಲ್ಲಿನ ಪ್ರಶ್ನೆ.

ಪೊಲೀಸ್ ಬಂದೂಕಿನ ಬೆಲೆಯೂ ಈ ರಾಜ್ಯಕ್ಕೆ ಹೊಸದಾಗಿ ತಿಳಿಯಬೇಕಾದದ್ದಲ್ಲ. 1992ರಲ್ಲಿ ಕಾಡುಗಳ್ಳ ವೀರಪ್ಪನ್‌ನ ತಂಡ ರಾಮಾಪುರ ಠಾಣೆಗೆ ನುಗ್ಗಿ ಐವರು ಪೊಲೀಸರನ್ನು ಕೊಂದು ಬಂದೂಕು, ಮದ್ದುಗುಂಡು ಹೊತ್ತೊಯ್ದಿತ್ತು. ಅಂಗಡಿಯಲ್ಲಿ ಸಿಗದ ಆಯುಧಕ್ಕಾಗಿ ಠಾಣೆಯ ಮೇಲೇ ಬೀಳುವವರಿದ್ದಾರೆ. ಅಂಥ ಆಯುಧ ಬೀಗವಿಲ್ಲದ ಜೀಪಿನಲ್ಲಿ ಸಿಗುವುದಾದರೆ ಅವರ ಕೆಲಸ ಎಷ್ಟು ಹಗುರವಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಗಾಡಿಯಿಂದ ಹೋದ ಒಂದೇ ಒಂದು ಪಿಸ್ತೂಲು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ಪ್ರಕರಣವನ್ನು ವಿವರವಾಗಿ ನೋಡಬೇಕು. 2015ರ ಜೂನ್ 27ರಂದು, ಅಲ್ಲಿನ ಕೇಂದ್ರ ಸರಕಾರದ ಭೂ ನಿರ್ವಹಣಾ ಇಲಾಖೆಯ ಅಧಿಕಾರಿಯೊಬ್ಬರು ಕಡಲ ದಂಡೆಯ ಎಂಬಾರ್ಕಡೆರೊ ರಸ್ತೆಯಲ್ಲಿ ಕಾರು ನಿಲ್ಲಿಸಿ ಹೋಗಿದ್ದರು. ಕಾರಿನಲ್ಲಿದ್ದ ಬ್ಯಾಗಿನಲ್ಲಿ ಅವರ ಸರಕಾರಿ ಸಿಗ್ ಸಾವರ್ ಪಿಸ್ತೂಲು ಇತ್ತು. ಬರುವಷ್ಟರಲ್ಲಿ ಅದು ಕಳವಾಗಿತ್ತು. ನಾಲ್ಕು ದಿನ ಕಳೆದು, ಜುಲೈ 1ರ ಸಂಜೆ, ಅದೇ ದಂಡೆಯ 14ನೆಯ ಕಟ್ಟೆಯ ಮೇಲೆ ತಂದೆಯ ಜೊತೆ ನಡೆದು ಹೋಗುತ್ತಿದ್ದ 32 ವರ್ಷದ ಯುವತಿಗೆ ಆ ಪಿಸ್ತೂಲಿನ ಗುಂಡು ತಗುಲಿತು. ಗುಂಡು ನೆಲಕ್ಕೆ ಬಡಿದು ಸಿಡಿದು ಆಕೆಯ ಬೆನ್ನಿಗೆ ಹೊಕ್ಕಿತ್ತು. ಆಕೆ ಬದುಕಲಿಲ್ಲ.

ಪಿಸ್ತೂಲು ಹಿಡಿದಿದ್ದವನು ಐದು ಸಲ ಗಡೀಪಾರಾಗಿ ಮತ್ತೆ ದೇಶದೊಳಗೆ ಬಂದಿದ್ದ ವಲಸಿಗ. ಅಧ್ಯಕ್ಷೀಯ ಚುನಾವಣೆಯ ಕಾವು ಏರುತ್ತಿದ್ದ ಹೊತ್ತು ಅದು. ಇಡೀ ದೇಶದ ಚರ್ಚೆ ವಲಸೆಯ ಕಡೆ ತಿರುಗಿತು. ಪಿಸ್ತೂಲು ತನಗೆ ಅಲ್ಲೇ ಸಿಕ್ಕಿತು, ತಾನಾಗಿಯೇ ಸಿಡಿಯಿತು ಎಂಬುದು ಆರೋಪಿಯ ವಾದ. 2017ರ ನವೆಂಬರ್ 30ರಂದು ನ್ಯಾಯದರ್ಶಿ ಮಂಡಳಿ ಕೊಲೆ ಆರೋಪದಿಂದ ಅವನನ್ನು ಬಿಡುಗಡೆ ಮಾಡಿದಾಗ ಚರ್ಚೆ ಮತ್ತೂ ಬಿಸಿಯಾಯಿತು. ಸರಕಾರಿ ಆಯುಧ ಕಾರಿನಲ್ಲಿ ಯಾಕಿತ್ತು, ಬೀಗದ ಪೆಟ್ಟಿಗೆಯಲ್ಲಿ ಯಾಕಿರಲಿಲ್ಲ ಎಂಬ ಸರಳ ಪ್ರಶ್ನೆ ಮಾತ್ರ ಆ ಗದ್ದಲದಲ್ಲಿ ಕೊನೆಯ ಸಾಲಿಗೆ ಸರಿಯಿತು. ಮಗಳನ್ನು ಕಳೆದುಕೊಂಡ ಕುಟುಂಬ ಅದನ್ನೇ ಕೇಳಿ ಸರಕಾರದ ಮೇಲೆ ದಾವೆ ಹೂಡಿತು. ಕಳವಿಗೂ ಸಾವಿಗೂ ನಡುವೆ ಹಲವು ಘಟನೆಗಳು ನಡೆದಿವೆ, ಅಧಿಕಾರಿಯ ಅಜಾಗ್ರತೆಯನ್ನು ಸಾವಿಗೆ ನೇರ ಕಾರಣವೆಂದು ಹಿಡಿಯಲಾಗದು ಎಂದು 2021ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಆಯುಧ ಒಮ್ಮೆ ಕೈತಪ್ಪಿದ ಮೇಲೆ ಹೊಣೆಯನ್ನು ನ್ಯಾಯಾಲಯದಲ್ಲಿ ಹುಡುಕುವುದು ಎಷ್ಟು ಕಷ್ಟ ಎಂಬುದಕ್ಕೆ ಈ ತೀರ್ಪಿಗಿಂತ ಬೇರೆ ಸಾಕ್ಷಿ ಬೇಡ.

ಆ ಯುವತಿ ಸತ್ತ 2015ರಲ್ಲೇ, ಸೆಪ್ಟೆಂಬರ್‌ನಲ್ಲಿ, ಅದೇ ಊರಿನಲ್ಲಿ, ವಲಸೆ ಇಲಾಖೆಯ ಅಧಿಕಾರಿಯೊಬ್ಬರ ಬಾಡಿಗೆ ಕಾರಿನಿಂದ ಇನ್ನೊಂದು ಪಿಸ್ತೂಲು ಕಳವಾಯಿತು. ಕೆಲವೇ ದಿನಗಳಲ್ಲಿ ಕೊಲ್ಲಿಯಾಚೆಯ ಓಕ್‌ಲ್ಯಾಂಡ್‌ನಲ್ಲಿ ಹೆದ್ದಾರಿ ಸೇತುವೆಯ ಕೆಳಗೆ ಭಿತ್ತಿಚಿತ್ರ ಬರೆಯುತ್ತಿದ್ದ ಯುವ ಕಲಾವಿದನೊಬ್ಬ ಅದರಿಂದ ಹತನಾದ. ಇಷ್ಟಾದ ಮೇಲೆ ಈ ಎರಡೂ ಊರುಗಳಿರುವ ಕ್ಯಾಲಿಫೋರ್ನಿಯ ರಾಜ್ಯ ಕಾನೂನು ಮಾಡಿತು. 2017ರ ಜನವರಿ 1ರಿಂದ ಜಾರಿಗೆ ಬಂದ ಆ ಕಾನೂನಿನ ಪ್ರಕಾರ, ವಾಹನ ಬಿಟ್ಟು ಹೋಗುವಾಗ ಪಿಸ್ತೂಲನ್ನು ಬೀಗ ಹಾಕಿದ ಡಿಕ್ಕಿಯಲ್ಲೋ ಕಣ್ಣಿಗೆ ಬೀಳದ ಬೀಗದ ಪೆಟ್ಟಿಗೆಯಲ್ಲೋ ಇಡಬೇಕು. ತಪ್ಪಿದರೆ 1,000 ಡಾಲರ್‌ವರೆಗೆ ದಂಡ. ಈ ನಿಯಮ ಪೊಲೀಸರಿಗೂ ಅನ್ವಯಿಸುತ್ತದೆ ಎಂಬುದೇ ಅದರ ಮುಖ್ಯ ಅಂಶ. ದಂಡದ ಮೊತ್ತ ದೊಡ್ಡದಲ್ಲ. ಆದರೆ ಗಾಡಿಯ ಸೀಟು ಆಯುಧ ಇಡುವ ಜಾಗವಲ್ಲ ಎಂಬುದು ಬರಹಕ್ಕೆ ಬಂತು.

ಭಾರತದ ಕಾನೂನಿನಲ್ಲಿ ಈ ಜಾಗ ಹೆಚ್ಚುಕಡಿಮೆ ಖಾಲಿಯಾಗಿದೆ. ಆಯುಧ ಕಾಯ್ದೆಗೆ 2019ರಲ್ಲಿ ಮಾಡಿದ ತಿದ್ದುಪಡಿಯಂತೆ, ಪೊಲೀಸರಿಂದ ಅಥವಾ ಸೇನೆಯವರಿಂದ ಬಲ ಪ್ರಯೋಗಿಸಿ ಬಂದೂಕು ಕಿತ್ತುಕೊಂಡವನಿಗೆ ಕನಿಷ್ಠ 10 ವರ್ಷ ಸೆರೆ, ಗರಿಷ್ಠ ಜೀವಾವಧಿ. ನಿಂತ ಜೀಪಿನಿಂದ ಸದ್ದಿಲ್ಲದೆ ಎತ್ತಿಕೊಂಡು ಹೋದವನು ಬಲ ಪ್ರಯೋಗಿಸಿಲ್ಲ. ಅವನಿಗೆ ಸರಕಾರಿ ಸ್ವತ್ತಿನ ಕಳವಿನ ಕಲಮು, ಭಾರತೀಯ ನ್ಯಾಯ ಸಂಹಿತೆಯ 305ನೆಯದು, ಅನ್ವಯಿಸಬಹುದು. ಅದರ ಗರಿಷ್ಠ ಶಿಕ್ಷೆ 7 ವರ್ಷ. ಪರವಾನಗಿ ಇಲ್ಲದೆ ಆಯುಧ ಇಟ್ಟುಕೊಂಡ ಅಪರಾಧ ಅದರ ಮೇಲೆ ಸೇರುತ್ತದೆ. ಇದೆಲ್ಲ ಕದ್ದವನ ಮಾತಾಯಿತು. ಬಿಟ್ಟವನ ಬಗ್ಗೆ ಕಾನೂನು ಹೇಳುವುದು ತೀರಾ ಕಡಿಮೆ. ಮೋಟಾರು ವಾಹನ ಕಾಯ್ದೆಯ 126ನೆಯ ಕಲಮು, ಚಾಲಕ ಸೀಟಿನಲ್ಲಿ ಇಲ್ಲದಾಗ ಎಂಜಿನ್ ನಿಲ್ಲಿಸಿ ಬ್ರೇಕ್ ಹಾಕಿರಬೇಕು ಎನ್ನುತ್ತದೆ. ಗಾಡಿ ತಾನಾಗಿ ಉರುಳದಿರಲಿ ಎಂಬುದು ಅದರ ಕಾಳಜಿ, ಬೇರೆಯವರು ಓಡಿಸದಿರಲಿ ಎಂಬುದಲ್ಲ. ಹೀಗಾಗಿ ಈ ಕೊರತೆಯನ್ನು ತುಂಬಬೇಕಾದದ್ದು ಇಲಾಖೆಯ ಒಳಗಿನ ಆದೇಶವೇ.

ಆದೇಶ ಬರೆಯುವ ಮುಂಚೆ, ಕೀ ಯಾಕೆ ಗಾಡಿಯಲ್ಲಿ ಉಳಿಯುತ್ತದೆ ಎಂಬುದನ್ನು ನ್ಯಾಯವಾಗಿ ನೋಡಬೇಕು. ಗಲಾಟೆಯ ಕರೆ ಬಂದ ಕಡೆ ಗಾಡಿ ಹೋಗುತ್ತದೆ. ಒಳಗಿರುವವರು ಇಬ್ಬರೋ ಮೂವರೋ. ಎರಡು ಗುಂಪು ಕೈಕೈ ಮಿಲಾಯಿಸಿದ್ದರೆ ಚಾಲಕನೂ ಇಳಿದು ಓಡುತ್ತಾನೆ, ಓಡಲೇಬೇಕು. ಅಪಘಾತದ ಸ್ಥಳದಲ್ಲಿ ಗಾಯಾಳುವನ್ನು ಎತ್ತುವವನ ಹೆಗಲಲ್ಲಿ ರೈಫಲ್ ತೂಗಾಡಿದರೆ ಕೆಲಸ ಆಗದು, ಆದ್ದರಿಂದ ಅದು ಸೀಟಿನ ಮೇಲೆ ಉಳಿಯುತ್ತದೆ. ಹೆರಿಗೆ ವಾರ್ಡಿನ ಮುಂದೆ, ಶಾಲೆಯ ಅಂಗಳದಲ್ಲಿ, ಸಾವಿನ ಮನೆಯಲ್ಲಿ ಬಂದೂಕು ಹಿಡಿದು ಹೋಗಲು ಯಾವ ಸಿಬ್ಬಂದಿಗೂ ಮನಸ್ಸಾಗದು. ಆ ಸಂಕೋಚ ಒಳ್ಳೆಯ ಗುಣವೇ. ಎರಡು ಪಾಳಿಯ ಚಾಲಕರಿಗೆ ಒಂದೇ ಕೀ ಇರುವಲ್ಲಿ ಅದನ್ನು ಗಾಡಿಯಲ್ಲೇ ಬಿಡುವ ರೂಢಿ ಸುಲಭವಾಗಿ ಬೆಳೆಯುತ್ತದೆ. ಇಡೀ ರಾತ್ರಿ ಗಸ್ತು ತಿರುಗಿದವನಿಗೆ ನಸುಕಿನಲ್ಲಿ ಕಣ್ಣು ಹತ್ತುವುದೂ ಇದೆ. ಇವುಗಳಲ್ಲಿ ಉಡಾಫೆಯಿಂದ ಆಗುವುದು ಸ್ವಲ್ಪ. ಬಹುಪಾಲು ಆಗುವುದು ಆಯುಧ ಇಡಲು ಗಾಡಿಯಲ್ಲಿ ಬೇರೆ ಜಾಗವೇ ಇಲ್ಲದ್ದರಿಂದ.

ಠಾಣೆಯ ಒಳಗೆ ಹೀಗಿಲ್ಲ. ಅಲ್ಲಿ ಬಂದೂಕಿಗೆ ಬಟ್ ನಂಬರ್ ಇದೆ, ಕೊಟ್ಟದ್ದು ತಗೊಂಡದ್ದು ಪುಸ್ತಕಕ್ಕೆ ಏರುತ್ತದೆ, ಗುಂಡುಗಳನ್ನು ಒಂದೊಂದಾಗಿ ಎಣಿಸುತ್ತಾರೆ. ರೈಲುಗಳಲ್ಲಿ ಕಾವಲು ಹೋಗುವವರು ರೈಫಲ್ಲನ್ನು ಸರಪಳಿಯಿಂದ ಸೊಂಟದ ಬೆಲ್ಟಿಗೆ ಬಿಗಿದುಕೊಳ್ಳುವುದೂ ಉಂಟು. ಇಷ್ಟು ಕಟ್ಟುನಿಟ್ಟು ಠಾಣೆಯ ಗೇಟು ದಾಟಿ ಜೀಪು ಹತ್ತುತ್ತಲೇ ಸಡಿಲವಾಗುತ್ತದೆ.

ಪರಿಹಾರಕ್ಕೆ ದೊಡ್ಡ ತಂತ್ರಜ್ಞಾನ ಬೇಡ. ಗಸ್ತು ವಾಹನಗಳ ನೆಲಕ್ಕೆ ಬೋಲ್ಟ್ ಹಾಕಿದ ಉಕ್ಕಿನ ಪೆಟ್ಟಿಗೆ ಅಥವಾ ರೈಫಲ್ ಚೌಕಟ್ಟು, ಅದಕ್ಕೆ ಗಾಡಿಯ ಕೀಯಿಂದ ತೆರೆಯದ ಪ್ರತ್ಯೇಕ ಬೀಗ, ಆ ಬೀಗದ ಕೀ ಆಯುಧ ಪಡೆದವನ ಸೊಂಟದಲ್ಲಿ. ಗಾಡಿ ಹೋದರೂ ಬಂದೂಕು ಕೂಡಲೇ ಕೈಗೆ ಸಿಗದಂತೆ ತಡೆಯಲು ಇಷ್ಟು ಸಾಕು. ಅಮೆರಿಕದ ಗಸ್ತು ಕಾರುಗಳಲ್ಲಿ ಇಂಥ ಚೌಕಟ್ಟು ಬಹಳ ಹಿಂದಿನಿಂದ ಇದೆ. ಎಂಜಿನ್ ಚಾಲೂ ಇರುವಾಗಲೇ ಕೀ ತೆಗೆದುಕೊಂಡು ಹೋಗಬಹುದಾದ, ಬೇರೆಯವರು ಗೇರ್ ಹಾಕಿದರೆ ಎಂಜಿನ್ ನಿಂತುಹೋಗುವ ಏರ್ಪಾಡೂ ಅಲ್ಲಿದೆ. ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಈಗಿನ ಗಾಡಿಗಳಲ್ಲಿ ಕಾರ್ಖಾನೆಯಿಂದಲೇ ಬರುತ್ತದೆ, ಆದರೆ ಸರಿಯಾದ ಕೀ ಒಳಗೇ ಇದ್ದರೆ ಅದು ಕಳ್ಳನಿಗೂ ದಾರಿ ಬಿಡುತ್ತದೆ. ಪೆಟ್ಟಿಗೆಯ ಖರ್ಚಿಗೆ ಕೇಂದ್ರದ ಪೊಲೀಸ್ ಪಡೆಗಳ ಆಧುನೀಕರಣ ಯೋಜನೆಯಲ್ಲಿ ಅವಕಾಶ ಕೇಳಬಹುದು.

ಇನ್ನು ಕೀ ವಿಚಾರ. ಪ್ರತಿ ಗಾಡಿಗೆ ಎರಡು ಕೀ, ಪಾಳಿ ಬದಲಾಗುವಾಗ ಕೈಯಿಂದ ಕೈಗೆ ಕೊಟ್ಟು ಸಹಿ, ಗಾಡಿ ಬಿಟ್ಟು ಇಳಿಯುವ ಕೊನೆಯವನೇ ಬೀಗಕ್ಕೆ ಹೊಣೆ ಎಂಬ ಸ್ಪಷ್ಟ ಮಾತು ಸುತ್ತೋಲೆಯಲ್ಲಿ ಇರಬೇಕು. ಆಯುಧವಿರುವ ಗಾಡಿ ಸಾರ್ವಜನಿಕ ಜಾಗದಲ್ಲಿ ನಿಂತಾಗ ಒಬ್ಬರು ಅದರ ಹತ್ತಿರ ಉಳಿಯಲೇಬೇಕು ಎಂಬ ನಿಯಮ ಬೇಕು. ಅದಕ್ಕೆ ತಕ್ಕಷ್ಟು ಸಿಬ್ಬಂದಿಯನ್ನೂ ಕೊಡಬೇಕು. ಇಬ್ಬರನ್ನೇ ಕಳಿಸಿ ಮೂವರ ಕೆಲಸ ಹೇಳುವ ಆದೇಶ ಮೊದಲ ಗಲಾಟೆಯಲ್ಲೇ ಮುರಿಯುತ್ತದೆ.

ಕಳವಾದ ಮೊದಲ ನಿಮಿಷಗಳೇ ಎಲ್ಲಕ್ಕಿಂತ ಮುಖ್ಯ. ಈಗಿನ ರೂಢಿಯಲ್ಲಿ ಗಾಡಿ ಹೋಯಿತೆಂದರೆ ಮೊದಲು ಬರುವುದು ಅಮಾನತಿನ ಭಯ. ಆ ಭಯಕ್ಕೆ ಸಿಬ್ಬಂದಿ ತಾವೇ ಹುಡುಕಿಕೊಂಡು ಸದ್ದಿಲ್ಲದೆ ಮುಗಿಸೋಣವೆಂದು ಅರ್ಧ ಗಂಟೆ ಕಳೆದರೆ, ಗಾಡಿ ಅಷ್ಟರಲ್ಲಿ ಪಕ್ಕದ ಜಿಲ್ಲೆ ಸೇರಿರುತ್ತದೆ. ಕಳವು ಗೊತ್ತಾದ ಕೂಡಲೇ ಕಂಟ್ರೋಲ್ ರೂಮಿಗೆ ತಿಳಿಸಿದ ಸಿಬ್ಬಂದಿಯ ವಿಚಾರಣೆಯಲ್ಲಿ ಅದನ್ನು ಅವರ ಪರವಾಗಿ ಎಣಿಸಬೇಕು, ಮುಚ್ಚಿಟ್ಟದ್ದನ್ನು ಬಿಟ್ಟುಹೋದದ್ದಕ್ಕಿಂತ ದೊಡ್ಡ ತಪ್ಪೆಂದು ಹಿಡಿಯಬೇಕು. ಸುದ್ದಿ ಸಿಕ್ಕ ಕಂಟ್ರೋಲ್ ರೂಮ್ ಗಾಡಿಯ ಸಂಖ್ಯೆಯನ್ನು ನೆರೆಜಿಲ್ಲೆಗಳಿಗೆ, ಟೋಲ್ ಗೇಟುಗಳಿಗೆ, ಚೆಕ್‌ಪೋಸ್ಟುಗಳಿಗೆ ಮುಟ್ಟಿಸಬೇಕು. ಇದನ್ನು ವೈರ್‌ಲೆಸ್ ಬಿಟ್ಟು ಬೇರೆ ದಾರಿಯಲ್ಲಿ ಮಾಡಬೇಕು, ಯಾಕೆಂದರೆ ಕದ್ದವನ ಬಳಿಯೂ ಸೆಟ್ ಇದೆ. ಆಯುಧವೂ ಹೋಗಿದ್ದರೆ ಜನರಿಗೂ ಅಂದೇ ಹೇಳಬೇಕು. ಯಾವ ಸಂಖ್ಯೆಯ ಪೊಲೀಸ್ ಗಾಡಿಯನ್ನು ನಂಬಬಾರದು ಎಂದು ತಿಳಿಯುವ ಹಕ್ಕು ರಸ್ತೆಯಲ್ಲಿರುವವರಿಗೆ ಇಲಾಖೆಯ ಮುಜುಗರಕ್ಕಿಂತ ದೊಡ್ಡದು.

ಕಾನ್‌ಸ್ಟೆಬಲ್ ಒಬ್ಬರನ್ನು ಅಮಾನತು ಮಾಡಿದರೆ ಕಡತ ಮುಚ್ಚುತ್ತದೆ, ಪೆಟ್ಟಿಗೆಯಿಲ್ಲದ ಜೀಪು ಮಾರನೆಯ ದಿನ ಬೇರೊಬ್ಬ ಚಾಲಕನೊಂದಿಗೆ ಅದೇ ರಸ್ತೆಗೆ ಇಳಿಯುತ್ತದೆ. ವಿಚಾರಣೆ ಮೇಲಕ್ಕೂ ಹೋಗಬೇಕು: ಆಯುಧ ಹಂಚಿದವರು ಅದನ್ನು ಇಡುವ ಜಾಗ ನೋಡಿದ್ದರೇ, ಗಾಡಿ ಕೊಟ್ಟವರು ಎರಡನೆಯ ಕೀ ಕೊಟ್ಟಿದ್ದರೇ, ಪಾಳಿ ಹಾಕಿದವರು ಎಷ್ಟು ತಾಸಿನ ದುಡಿಮೆ ಹಾಕಿದ್ದರು. ಇದಕ್ಕೆ ಮೊದಲ ಹೆಜ್ಜೆಯಾಗಿ, ಆಯುಧ ಒಯ್ಯುವ ವಾಹನಗಳು ಎಷ್ಟು, ಅವುಗಳಲ್ಲಿ ಬೀಗದ ಪೆಟ್ಟಿಗೆ ಇರುವವು ಎಷ್ಟು ಎಂಬ ಲೆಕ್ಕವನ್ನು ಪ್ರತಿ ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿಯಿಂದ ಮತ್ತು ನಗರ ಕಮಿಷನರುಗಳಿಂದ ಮಹಾನಿರ್ದೇಶಕರ ಕಚೇರಿ ತರಿಸಿಕೊಳ್ಳಬೇಕು. ಆ ಲೆಕ್ಕವನ್ನೂ, ಅದರ ಮೇಲೆ ಹೊರಡಿಸಿದ ಸುತ್ತೋಲೆಯನ್ನೂ, ಆಯುಧಗಳ ವಿವರ ಬಿಟ್ಟು ಉಳಿದ ಮಟ್ಟಿಗೆ, ಸಾರ್ವಜನಿಕರ ಮುಂದೆ ಇಡಬೇಕೆಂದು ಈ ಪತ್ರದ ಕೋರಿಕೆ.

ಇಂತಿ,
ರಾಜ್ಯದ ನಾಗರಿಕರೊಬ್ಬರು