ದಾರಿ ತೋರುವವನು ಒಬ್ಬನೇ ಇರಲಿ

ಉತ್ತಮವಾದ ಭಾಗಗಳನ್ನು ಕೂಡಿಸಿದ ಮಾತ್ರಕ್ಕೆ ಉತ್ತಮವಾದ ಯಂತ್ರವಾಗುವುದೆ? ಆಗುವುದೆಂದು ನಂಬಿ ಹಣ ತೆತ್ತವರು ಅನೇಕರು. ಈ ನಂಬಿಕೆ ಸರಿಯಲ್ಲವೆಂಬುದೇ ನಮ್ಮ ಮತ. ಮೋಟಾರು ಇಂಜಿನಿನ ಒಂದು ಸಣ್ಣ ಸಂಗತಿಯಿಂದ ಇದನ್ನು ವಿಶದಪಡಿಸುತ್ತೇವೆ.

ಅಮೆರಿಕದ ಷೆವ್ರೊಲೆ ಕಾರುಗಳಿಗೆ 1955ರಲ್ಲಿ 265 ಘನ ಅಂಗುಲದ ಹೊಸ ವಿ-8 ಇಂಜಿನು ಬಂದಿತು. ಆ ವಂಶದ ಇಂಜಿನುಗಳ ಹಳೆಯ ಸಿಲಿಂಡರ್ ಹೆಡ್ಡನ್ನು ಕಳಚಿ, ಹೆಚ್ಚು ಗಾಳಿ ಹಾಯುವ ಹೊಸ ಹೆಡ್ಡನ್ನು ಕೂಡಿಸುವ ಹವ್ಯಾಸಿಗಳು ಇಂದಿಗೂ ಇದ್ದಾರೆ. ಇವುಗಳಲ್ಲಿ ಕ್ಯಾಮ್ ದಂಡವಿರುವುದು ಕೆಳಗೆ, ಕವಾಟಗಳಿರುವುದು ಮೇಲೆ. ಕ್ಯಾಮಿನ ಉಬ್ಬು ಪುಷ್‌ರಾಡ್ ಎಂಬ ಕಡ್ಡಿಯನ್ನು ಮೇಲಕ್ಕೆ ನೂಕುತ್ತದೆ. ಕಡ್ಡಿಯು ರಾಕರ್ ತೋಳಿನ ಒಂದು ತುದಿಯನ್ನೆತ್ತುತ್ತದೆ. ಏತದ ಮರದಂತೆ ಇನ್ನೊಂದು ತುದಿ ಬಾಗಿ ಕವಾಟವನ್ನು ತೆರೆಯುತ್ತದೆ. ಇಂಜಿನು ನಿಮಿಷಕ್ಕೆ 6000 ಸುತ್ತು ತಿರುಗುವಾಗ ಪ್ರತಿಯೊಂದು ಕವಾಟವೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚಬೇಕು.

ಒಂಟಿ ಕಂಬದ ಮೇಲೆ ಕುಳಿತಿರುವ ಈ ತೋಳು ಪಕ್ಕಕ್ಕೂ ಹೊರಳಬಲ್ಲದು. ಅದನ್ನು ನೇರವಾಗಿರಿಸಲು ಮೂರು ಉಪಾಯಗಳುಂಟು. ಮೊದಮೊದಲ ಹೆಡ್ಡುಗಳಲ್ಲಿ ಪುಷ್‌ರಾಡು ಹಾಯುವ ಇಕ್ಕಟ್ಟಾದ ಕಂಡಿಯೇ ಅದಕ್ಕೆ ದಾರಿ ತೋರುತ್ತಿತ್ತು. ಎರಡನೆಯದು, ಕಂಬದ ಬುಡದಲ್ಲಿ ಬಿಗಿಯುವ ಗೈಡ್ ಪ್ಲೇಟು. ಮೂರನೆಯದರಲ್ಲಿ ತೋಳಿನ ತುದಿಗೇ ಎರಡು ಅಂಚುಗಳಿದ್ದು, ಅವು ಕವಾಟದ ಕಾಂಡವನ್ನು ಇಕ್ಕೆಲಗಳಲ್ಲಿ ಹಿಡಿದುಕೊಳ್ಳುತ್ತವೆ. 1996ರ ವೋರ್ಟೆಕ್ ಹೆಡ್ಡುಗಳಲ್ಲಿ ಇದೇ ಕ್ರಮ.

ಈ ಮೂರರಲ್ಲಿ ಒಂದು ಇರಲೇಬೇಕು. ಒಂದಕ್ಕಿಂತ ಹೆಚ್ಚು ಇರಕೂಡದು. ಒಂದೂ ಇಲ್ಲದಿದ್ದರೆ ತೋಳು ಕವಾಟದ ತುದಿಯಿಂದ ಜಾರುವುದು, ಪುಷ್‌ರಾಡು ಬಾಗುವುದು. ಇದು ಸುಲಭವಾಗಿ ತಿಳಿಯುವ ಮಾತು. ಆದರೆ, ‘ಒಂದಕ್ಕಿಂತ ಎರಡು ಭದ್ರವಲ್ಲವೆ?’ ಎಂದು ವಾಚಕರು ಕೇಳಬಹುದು. ಅಲ್ಲ. ಪ್ಲೇಟು ತೋರುವ ಗೆರೆಯೂ ಅಂಚುಗಳು ತೋರುವ ಗೆರೆಯೂ ಕೂದಲೆಳೆಯಷ್ಟು ಬೇರೆಯಾದರೂ ಸಾಕು, ತೋಳು ಇಬ್ಬರು ಒಡೆಯರ ಆಳಿನಂತೆ ನಡುವೆ ಸಿಕ್ಕಿಕೊಳ್ಳುತ್ತದೆ. ಅಂಚು ಕವಾಟವನ್ನು ಉಜ್ಜುತ್ತದೆ, ಕಡ್ಡಿ ಪ್ಲೇಟನ್ನು ಉಜ್ಜುತ್ತದೆ. ಸವೆದ ಲೋಹ ಎಣ್ಣೆಯೊಡನೆ ಇಂಜಿನನ್ನೆಲ್ಲ ಸುತ್ತುತ್ತದೆ. ಪ್ಲೇಟೊಂದೇ ಇದ್ದಾಗಲೂ ಪುಷ್‌ರಾಡು ಗಡಸುಗೊಳಿಸಿದ ಉಕ್ಕಿನದಾಗಿರಬೇಕು. ಮೆದುವಾದುದು ಬೇಗನೆ ಸವೆಯುತ್ತದೆ.

ತೋಳಿನ ಅನುಪಾತದ ವಿಷಯವೂ ಹೀಗೆಯೇ. ಕ್ಯಾಮಿನ ಉಬ್ಬು 8 ಮಿಲಿಮೀಟರ್ ಎತ್ತಿದರೆ 1.5ರ ತೋಳು ಕವಾಟವನ್ನು 12 ಮಿಲಿಮೀಟರ್ ತೆರೆಯುವುದು, 1.6ರ ತೋಳು 12.8 ಮಿಲಿಮೀಟರ್. ಲಾಭವೇ ಸರಿ. ಆದರೆ ಅದರೊಡನೆ ಪುಷ್‌ರಾಡಿನ ತುದಿ ಕಂಬದ ಕಡೆಗೆ ಸರಿಯುವುದರಿಂದ, ಕಂಡಿಯ ಅಂಚಿಗೆ ತಗಲುವುದೋ ಎಂಬುದನ್ನು ನೋಡಿಯೇ ಮುಂದುವರಿಯಬೇಕು.

ಇಲ್ಲಿ ಕೆಟ್ಟ ಭಾಗವೆಂಬುದು ಯಾವುದೂ ಇಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಪ್ಲೇಟೂ ಒಳ್ಳೆಯದು, ಅಂಚುಳ್ಳ ತೋಳೂ ಒಳ್ಳೆಯದು. ಕೆಟ್ಟದ್ದು ಅವುಗಳ ಕೂಟ. ಹೆಡ್ಡನ್ನು ಮಾರುವವರು ಅದಕ್ಕೆ ಒಪ್ಪುವ ತೋಳು ಯಾವುದೆಂಬುದನ್ನು ಅದರೊಡನೆಯೇ ಸ್ಪಷ್ಟವಾಗಿ ತಿಳಿಸಬೇಕು. ಕಮ್ಮಟದಲ್ಲಿ ಕಲಿಸುವವರು ಬಿಡಿಭಾಗಗಳ ಹೆಸರಿನಷ್ಟೇ ಶ್ರದ್ಧೆಯಿಂದ ಅವುಗಳ ಸಂಬಂಧವನ್ನೂ ಕಲಿಸಬೇಕು. ಕಲಿಯುವವರಾದರೋ, ಸ್ಪ್ಯಾನರನ್ನು ಕೈಗೆತ್ತಿಕೊಳ್ಳುವ ಮುನ್ನ, ‘ಚಲಿಸುವ ಈ ಭಾಗಕ್ಕೆ ದಾರಿ ತೋರುವುದು ಯಾವುದು?’ ಎಂದು ಕೇಳಿಕೊಳ್ಳಲಿ. ಉತ್ತರ ಒಂದೇ ಆಗಿದ್ದರೆ ಧೈರ್ಯವಾಗಿ ಬಿಗಿಯಬಹುದು.