ಬೆಳಗುತ್ತಿ ಯಾವ ತಾಲ್ಲೂಕಿನಲ್ಲಿದೆ? : ಗ್ರಂಥಾಲಯ, ವಿಕಿ ಮತ್ತು ಟ್ಯಾಗು

ಬೆಳಗುತ್ತಿಯ ಶಾಸನಗಳನ್ನು ಅಭ್ಯಾಸ ಮಾಡಬಯಸುವ ವಿದ್ಯಾರ್ಥಿಗೆ ಎದುರಾಗುವ ಮೊದಲ ತೊಡಕು ಹಳಗನ್ನಡದ್ದಲ್ಲ, ಊರಿನ ವಿಳಾಸದ್ದು. ಸಿಂದ ಅರಸರ ನೆಲೆಯಾಗಿದ್ದ ಈ ಊರು ಇಂದು ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿಗೆ ಸೇರಿದೆ. ಬಿ.ಎಲ್. ರೈಸ್ ಅವರು 1902ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೆಯ ಸಂಪುಟದಲ್ಲಿ ಅದನ್ನು ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿನಲ್ಲಿ ಹುಡುಕಬೇಕು. ಇತಿಹಾಸದ ಬರಹಗಳಲ್ಲಿ ಊರಿನ ಹೆಸರು ಬೆಳಗವರ್ತಿ ಎಂದೂ ಬರುತ್ತದೆ. ‘ನ್ಯಾಮತಿ’, ‘ದಾವಣಗೆರೆ’ ಎಂಬ ಪದಗಳನ್ನು ಹಿಡಿದು ಗ್ರಂಥಸೂಚಿಯಲ್ಲಿ ಅರಸುವವರಿಗೆ ಈ ಶಾಸನಗಳು ಸಿಗುವುದಿಲ್ಲ. ಗ್ರಂಥ ಕಪಾಟಿನಲ್ಲಿಯೇ ಇರುತ್ತದೆ. ಅದರತ್ತ ಹೋಗುವ ದಾರಿ ಮಾತ್ರ ಕಡಿದಿರುತ್ತದೆ.

ಇದು ಒಂದೇ ಊರಿನ ಕಥೆಯಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ರೂಪುಗೊಂಡಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂದಿತು. ಮುಂದೆ 2017-18ರ ಆಯವ್ಯಯದಲ್ಲಿ ಪ್ರಕಟವಾದ ಹೊಸ ತಾಲ್ಲೂಕುಗಳಲ್ಲಿ ನ್ಯಾಮತಿಯೂ ಒಂದಾಗಿ ಹೊನ್ನಾಳಿಯಿಂದ ಬೇರ್ಪಟ್ಟಿತು. ಹೀಗಾಗಿ ಜಗಳೂರಿನ ಶಾಸನಗಳಿಗೆ ಚಿತ್ರದುರ್ಗದ 11ನೆಯ ಸಂಪುಟವನ್ನು, ಉಳಿದ ಮೂರು ತಾಲ್ಲೂಕುಗಳ ಶಾಸನಗಳಿಗೆ ಶಿವಮೊಗ್ಗದ 7ನೆಯ ಸಂಪುಟವನ್ನು ತೆರೆಯಬೇಕು. ಹೆಸರಿನ ಗೊಂದಲ ಇಲ್ಲಿಗೇ ಮುಗಿಯದು. ಚನ್ನಗಿರಿಯನ್ನು ಚೆನ್ನಗಿರಿ ಎಂದೂ ಬರೆಯುತ್ತಾರೆ. ಸೂಳೆಕೆರೆಯೇ ಶಾಂತಿಸಾಗರವೆಂದು ಸುತ್ತಲಿನ ಜನಕ್ಕೆ ಗೊತ್ತು, ದೂರದ ಓದುಗನಿಗೆ ಗೊತ್ತಿಲ್ಲ.

ಗ್ರಂಥಾಲಯದ ಸೂಚಿಪತ್ರ ಒಮ್ಮೆ ಸಿದ್ಧವಾದರೆ ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತದೆ. ಗ್ರಂಥಪಾಲಕರು ನಿರ್ಧರಿಸಿದ ವಿಷಯಶೀರ್ಷಿಕೆಯೇ ಅಲ್ಲಿ ಅಂತಿಮ. ಈ ಕೊರತೆಯನ್ನು ತುಂಬಬಲ್ಲ ಎರಡು ಸಾಧನಗಳು ಕಳೆದ ಮೂರು ದಶಕಗಳಲ್ಲಿ ಬಳಕೆಗೆ ಬಂದಿವೆ. ಮೊದಲನೆಯದು ವಿಕಿ. ವಾರ್ಡ್ ಕನಿಂಗ್‌ಹ್ಯಾಮ್ 1995ರಲ್ಲಿ ಆರಂಭಿಸಿದ ಈ ಪದ್ಧತಿಯಲ್ಲಿ ಒಂದು ಪುಟವನ್ನು ಅನೇಕರು ಬರೆಯಬಹುದು, ತಿದ್ದಬಹುದು. ಇಂದಿನ ವಿಕಿಗಳಲ್ಲಿ ಪ್ರತಿಯೊಂದು ತಿದ್ದುಪಡಿಯ ಚರಿತ್ರೆಯೂ ದಾಖಲಾಗಿ ಉಳಿಯುತ್ತದೆ. ಎರಡನೆಯದು ಸಾಮಾಜಿಕ ಬುಕ್‌ಮಾರ್ಕಿಂಗ್. ಓದುಗನು ತಾನು ಕಂಡ ಗ್ರಂಥಕ್ಕೋ ಜಾಲಪುಟಕ್ಕೋ ತನ್ನ ಮಾತಿನಲ್ಲೇ ಟ್ಯಾಗು, ಅಂದರೆ ಗುರುತಿನ ಪದ, ಅಂಟಿಸಿ ಇತರರೊಂದಿಗೆ ಹಂಚಿಕೊಳ್ಳುವ ಕ್ರಮವದು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯವು 2005ರ ಸುಮಾರಿಗೇ ‘ಪೆನ್‌ಟ್ಯಾಗ್ಸ್’ ಎಂಬ ವ್ಯವಸ್ಥೆಯ ಮೂಲಕ ತನ್ನ ಸೂಚಿಪತ್ರಕ್ಕೆ ಓದುಗರೇ ಟ್ಯಾಗು ಸೇರಿಸಲು ಅವಕಾಶ ನೀಡಿತ್ತು. ಓದುಗನ ಸಮಯ ಉಳಿಯಬೇಕೆಂಬುದು ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳಲ್ಲಿ ಒಂದು. ಬೆಳಗುತ್ತಿಯ ಶಾಸನಗಳಿಗೆ ‘ನ್ಯಾಮತಿ ತಾಲ್ಲೂಕು’ ಎಂಬ ಒಂದು ಟ್ಯಾಗು ಸೇರಿಸುವುದು ಆ ಸೂತ್ರದ ಪಾಲನೆಯೇ ಆಗುತ್ತದೆ.

ಓದುಗರ ಕೈಗೆ ಲೇಖನಿ ಕೊಟ್ಟರೆ ಪಾಂಡಿತ್ಯ ಕೆಡುತ್ತದೆ ಎಂಬ ಆಕ್ಷೇಪ ವಿದ್ವದ್ವಲಯದಲ್ಲಿ ಕೇಳಿಬರುತ್ತದೆ. ಆದರೆ ಕನ್ನಡದ ಓಲೆಗರಿ ಪರಂಪರೆಗೆ ಈ ಕ್ರಮ ಹೊಸದಲ್ಲ. ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಪ್ರತಿಕಾರರು ಓಲೆಯ ಕೊನೆಯಲ್ಲಿ ಬಿನ್ನವಿಸಿಕೊಳ್ಳುತ್ತಿದ್ದುದು ಹಸ್ತಪ್ರತಿಗಳನ್ನು ಕಂಡವರಿಗೆಲ್ಲ ತಿಳಿದ ಸಂಗತಿ. ಓಲೆಯ ಮೇಲೆ ಯಾರು ಏನನ್ನು ತಿದ್ದಿದರು ಎಂಬುದನ್ನು ಗ್ರಂಥಸಂಪಾದಕರು ಇಂದು ಊಹಿಸಬೇಕಾಗಿದೆ. ವಿಕಿಯಲ್ಲಿ ಆ ಊಹೆಗೆ ಕೆಲಸವಿಲ್ಲ. ತಪ್ಪು ನುಸುಳುವುದು ನಿಜ. ಆದ್ದರಿಂದಲೇ ಆಧಾರವಿಲ್ಲದ ವಾಕ್ಯವನ್ನು ತೆಗೆದುಹಾಕುವ, ಚನ್ನಗಿರಿ ಮತ್ತು ಚೆನ್ನಗಿರಿ ಒಂದೇ ಎಂದು ಜೋಡಿಸುವ ಹೊಣೆ ಗ್ರಂಥಪಾಲಕರದಾಗಬೇಕು. ಇದರಿಂದ ಅವರ ಸ್ಥಾನ ಕುಂದುವುದಿಲ್ಲ, ಹೆಚ್ಚುತ್ತದೆ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಬುಕ್‌ಮಾರ್ಕಿಂಗನ್ನು ಜನಪ್ರಿಯಗೊಳಿಸಿದ ‘ಡೆಲಿಷಿಯಸ್’ ತಾಣವು 2003ರಲ್ಲಿ ಆರಂಭವಾಗಿ, 2005ರಲ್ಲಿ ಯಾಹೂ ಕೈಸೇರಿ, ಅನಂತರವೂ ಒಡೆಯರನ್ನು ಬದಲಿಸುತ್ತ, 2017ರಲ್ಲಿ ಹೊಸ ಗುರುತುಗಳನ್ನು ಸ್ವೀಕರಿಸುವುದನ್ನೇ ನಿಲ್ಲಿಸಿತು. ಊರಿನ ನೆನಪನ್ನು ಇಂಥ ಖಾಸಗಿ ತಾಣಕ್ಕೆ ಒಪ್ಪಿಸುವುದು ಪರರ ಹೊಲದಲ್ಲಿ ಮನೆ ಕಟ್ಟಿದಂತೆ. ಟ್ಯಾಗುಗಳ ಪಟ್ಟಿ ಗ್ರಂಥಾಲಯದ್ದೇ ಆಸ್ತಿಯಾಗಿರಬೇಕು. ಅದರ ಒಂದು ಪ್ರತಿ ಕಾಗದದ ಮೇಲೆಯೂ ಇರಬೇಕು.

ಆರಂಭಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರಿಂದಲೇ ಇದೆ. 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ವರ್ಗಾವಣೆಯಾದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಇಂದು ಅರಿವು ಕೇಂದ್ರಗಳೆನಿಸಿವೆ. ಈ ನಾಲ್ಕು ತಾಲ್ಲೂಕುಗಳ ಗ್ರಂಥಾಲಯಗಳು ಸೇರಿ ಊರಿಗೊಂದು ವಿಕಿ ಪುಟ ತೆರೆಯಲಿ. ಅದರಲ್ಲಿ ಊರಿನ ಇಂದಿನ ಹೆಸರು, ಶಾಸನದ ಹೆಸರು, ಹಿಂದಿನ ತಾಲ್ಲೂಕು, ಶಾಸನಸಂಖ್ಯೆ, ಆ ಊರಿನ ಕುರಿತ ಪುಸ್ತಕಗಳು ಇಷ್ಟಿದ್ದರೆ ಸಾಕು. ರೈಸ್ ಅವರು ತೀರಿಕೊಂಡದ್ದು 1927ರಲ್ಲಿ. ಅವರ ಸಂಪುಟಗಳ ಹಕ್ಕುಸ್ವಾಮ್ಯದ ಅವಧಿ ಮುಗಿದು ಬಹುಕಾಲವಾಗಿರುವುದರಿಂದ ಅವುಗಳ ಪಾಠವನ್ನು ಕನ್ನಡ ವಿಕಿಸೋರ್ಸ್‌ಗೆ ಸೇರಿಸಲು ಅಡ್ಡಿಯಿಲ್ಲ. ಸಂತೇಬೆನ್ನೂರಿನ ಪುಷ್ಕರಣಿಯ ಬಳಿಯ ಹೈಸ್ಕೂಲು ಹುಡುಗಿಯೊಬ್ಬಳು ತನ್ನೂರಿನ ಪುಟಕ್ಕೆ ಒಂದು ಸರಿಯಾದ ಹೆಸರನ್ನು ಸೇರಿಸಬಲ್ಲಳು. ದೂರದ ಪಂಡಿತರಿಗೆ ಆ ತಿಳಿವಳಿಕೆ ಇರಲಾರದು.

ಜಿಲ್ಲೆಯ ಗಡಿಯನ್ನು ಸರ್ಕಾರ ಮತ್ತೆಯೂ ಬದಲಿಸಬಹುದು. ಬದಲಾದ ಪ್ರತಿಯೊಂದು ಸಲವೂ ಹಳೆಯ ಗ್ರಂಥವೊಂದು ಹೊಸ ಓದುಗನಿಂದ ದೂರವಾಗುತ್ತದೆ. ಹಳೆಯ ಹೆಸರನ್ನೂ ಹೊಸ ಹೆಸರನ್ನೂ ಬಲ್ಲ ತಲೆಮಾರು ಇನ್ನೂ ಊರುಗಳಲ್ಲಿದೆ. ಅವರಿರುವಾಗಲೇ ಆ ಎರಡು ಹೆಸರುಗಳನ್ನು ಒಂದೇ ಪುಟದಲ್ಲಿ ಬರೆದಿಡುವ ಕೆಲಸವನ್ನು ಗ್ರಂಥಾಲಯಗಳು ಕೈಗೆತ್ತಿಕೊಳ್ಳಬೇಕು.