ಮೂರು ತಿಂಗಳ ಮುಖ್ಯಮಂತ್ರಿ

ಹುನಗುಂದ ಸೀಮೆಯ ಐಹೊಳೆಯಲ್ಲಿ, ಮೇಗುತಿ ಗುಡಿಯ ಗೋಡೆಯ ಮೇಲೆ, ಕವಿ ರವಿಕೀರ್ತಿಯ ಶಾಸನವಿದೆ. ಕ್ರಿ. ಶ. 634ರ ಆ ಶಾಸನವು ಬಾದಾಮಿಯ ಸಿಂಹಾಸನದ ಒಂದು ಕಹಿ ಕಥೆಯನ್ನೂ ಹೇಳುತ್ತದೆ. ಅಣ್ಣ ಕೀರ್ತಿವರ್ಮನ ತರುವಾಯ ರಾಜ್ಯವಾಳಿದ ಮಂಗಳೇಶನು ಅಣ್ಣನ ಮಗನಾದ ಪುಲಕೇಶಿಗೆ ಪಟ್ಟವನ್ನು ಬಿಟ್ಟುಕೊಡದೆ, ಅದನ್ನು ತನ್ನ ಮಗನಿಗೇ ದಕ್ಕಿಸಹೊರಟು, ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡನು.

ಅದೇ ನೆಲದವರು ಶಿವಲಿಂಗಪ್ಪ ರುದ್ರಪ್ಪ ಕಂಠಿಯವರು. ಬಾದಾಮಿ ತಾಲ್ಲೂಕಿನ ಕೆರೂರಿನಲ್ಲಿ 1908ರಲ್ಲಿ ಜನನ, ಕಾನೂನಿನ ವ್ಯಾಸಂಗ, ಹುನಗುಂದದಿಂದ ಮುಂಬಯಿ ವಿಧಾನಸಭೆಗೆ ಆಯ್ಕೆ. ಕರ್ನಾಟಕ ಒಂದಾದ ಮೇಲೆ, 1956ರ ಡಿಸೆಂಬರಿನಿಂದ 1962ರವರೆಗೆ, ಮೈಸೂರು ವಿಧಾನಸಭೆಯ ಅಧ್ಯಕ್ಷಪೀಠ. ಎರಡು ಕಡೆಯವರ ಮಾತನ್ನೂ ಕೇಳಿ ತಾವು ಮಿತವಾಗಿ ಆಡಬೇಕಾದ ಆ ಪೀಠವು ಮುಂದಿನ ಪರೀಕ್ಷೆಗೆ ಒಳ್ಳೆಯ ಪಾಠಶಾಲೆಯಾಗಿದ್ದಿರಬೇಕು.

1962ರ ಚುನಾವಣೆಯಲ್ಲಿ 208 ಸ್ಥಾನಗಳ ಪೈಕಿ 138 ಕಾಂಗ್ರೆಸ್ಸಿಗೆ ಬಂದವು. ಆದರೆ ನಾಯಕರಾಗಬೇಕಾಗಿದ್ದ ಎಸ್. ನಿಜಲಿಂಗಪ್ಪನವರೇ ಹೊಸದುರ್ಗದಲ್ಲಿ ಸೋತಿದ್ದರು! ಸದಸ್ಯರಲ್ಲದವರೂ ಆರು ತಿಂಗಳು ಮಂತ್ರಿಯಾಗಿರಲು ಸಂವಿಧಾನದಲ್ಲಿ ಅವಕಾಶವುಂಟು. 1952ರಲ್ಲಿ ಚುನಾವಣೆಯಲ್ಲಿ ಸೋತ ಮೊರಾರ್ಜಿ ದೇಸಾಯಿಯವರು ಮುಂಬಯಿಯ ಮುಖ್ಯಮಂತ್ರಿಯಾಗಿದ್ದರಲ್ಲ! ಇಲ್ಲಿ ಮಾತ್ರ ಬೇರೆ ದಾರಿ ಹಿಡಿಯಲಾಯಿತು. ಮಾರ್ಚ್ 14ರಂದು ಕಂಠಿಯವರು ಮುಖ್ಯಮಂತ್ರಿಗಳಾದರು. ಬಾಗಲಕೋಟೆಯ ಸ್ಥಾನ ತೆರವಾಗಿ, ನಿಜಲಿಂಗಪ್ಪನವರು ಅಲ್ಲಿಂದ ಆರಿಸಿಬಂದರು. ಜೂನ್ 20ರಂದು ಕಂಠಿಯವರು ಅಧಿಕಾರವನ್ನು ಬಿಟ್ಟುಕೊಟ್ಟರು.

ಜನರು ಇದನ್ನು ಭರತನ ಪಾದುಕಾ ರಾಜ್ಯಕ್ಕೆ ಹೋಲಿಸುವುದುಂಟು. ಹೋಲಿಕೆ ಸೊಗಸಾದರೂ ಪೂರ್ತಿ ಸಲ್ಲದು. ಭರತನಿಗೆ ರಾಜ್ಯವೇ ಬೇಡವಾಗಿತ್ತು, ಎದುರಿಗಿದ್ದವನು ಒಡಹುಟ್ಟಿದ ಅಣ್ಣ. ರಾಜಕಾರಣದಲ್ಲಿ ಅಣ್ಣತಮ್ಮಂದಿರೆಲ್ಲಿ? ಮೂರು ತಿಂಗಳೆಂದರೆ ಅಲ್ಪ ಕಾಲವಲ್ಲ. ಕಡತಗಳಿಗೆ ರುಜು ಹಾಕುವ ಕೈ ಅಷ್ಟರಲ್ಲಿ ಪಳಗುತ್ತದೆ. ಬಾಗಿಲಲ್ಲಿ ಕಾದುನಿಂತವರ ನಮಸ್ಕಾರ ಕಿವಿಗೆ ಇಂಪಾಗುತ್ತದೆ. 'ತಾವೇ ಮುಂದುವರಿಯಬೇಕು' ಎನ್ನುವ ಹಿತೈಷಿಗಳು ಕರೆಯದೆಯೇ ಬರುತ್ತಾರೆ. ಬರೆದು ಮುದ್ರೆಯೊತ್ತಿದ ಕರಾರಿಲ್ಲದೆ, ಬರಿಯ ವಿಶ್ವಾಸದ ಮೇಲೆ ಬಂದ ಪದವಿಯನ್ನು ಬಿಟ್ಟೇಳುವುದು ಸುಲಭವಲ್ಲ. ಅದಕ್ಕಿಂತ ಕಠಿನವಾದುದು, ಬಿಟ್ಟ ಮೇಲೆ ಪಕ್ಕದ ಕುರ್ಚಿಯಲ್ಲಿಯೇ ಕುಳಿತು ಕೆಲಸ ಮಾಡುವುದು. ಕಂಠಿಯವರು ಮುನಿದು ಮನೆ ಸೇರಲಿಲ್ಲ. ನಿಜಲಿಂಗಪ್ಪನವರ ಸಂಪುಟದಲ್ಲಿ ಶಿಕ್ಷಣ ಸಚಿವರಾದರು.

ಅವರ ಹುನಗುಂದ ಸೀಮೆಯಲ್ಲಿಯೇ ಇರುವ ಇಳಕಲ್ಲಿನಲ್ಲಿ ನೇಕಾರರು ಸೀರೆಯ ಒಡಲಿನ ಹಾಸುನೂಲಿಗೆ ಸೆರಗಿನ ರೇಷ್ಮೆಯ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಸೀರೆಯನ್ನು ಮೆಚ್ಚುವವರು ಬಣ್ಣವನ್ನು ಹೊಗಳುತ್ತಾರೆ, ಸೆರಗನ್ನು ಹೊಗಳುತ್ತಾರೆ. ಕೊಂಡಿಯ ಮಾತೆತ್ತುವವರು ನೇಯ್ಗೆ ಬಲ್ಲವರು ಮಾತ್ರ. ಮುಖ್ಯಮಂತ್ರಿಗಳ ಪಟ್ಟಿಯಲ್ಲಿ ಕಂಠಿಯವರ ಹೆಸರನ್ನೂ ಓದುವವರು ಹಾಗೆಯೇ ದಾಟಿಹೋಗುತ್ತಾರೆ. ಒಂದು ಕಡೆ ಅದೇ ಜಿಲ್ಲೆಯ ಬಿ. ಡಿ. ಜತ್ತಿಯವರ ನಾಲ್ಕು ವರುಷ, ಇನ್ನೊಂದು ಕಡೆ ನಿಜಲಿಂಗಪ್ಪನವರ ಆರು ವರುಷ, ನಡುವೆ ಈ ಮೂರು ತಿಂಗಳು.

ವಿಜಾಪುರದ ಸೈನಿಕ ಶಾಲೆ 1963ರಲ್ಲಿ ತೆರೆದಾಗ ರಾಜ್ಯದ ಶಿಕ್ಷಣ ಖಾತೆ ಅವರ ಕೈಯಲ್ಲಿತ್ತು. ಕಂಠಿಯವರು 1969ರ ಡಿಸೆಂಬರಿನಲ್ಲಿ ತೀರಿಕೊಂಡರು. ಅದಕ್ಕೆ ತಿಂಗಳ ಹಿಂದಷ್ಟೇ ಅವರ ಪಕ್ಷ ಇಬ್ಭಾಗವಾಗಿತ್ತು.